ಅವಸರಂ ಲೇದು

ಕನ್ನಡ ಮರೆತರೆ ಮಾತ್ರ ನಿನಗೆ ಇಂಗ್ಲಿಷ್ ಬರುತ್ತದೆ ಎಂದು ಒಬ್ಬರು ನನಗೆ ಹೇಳಿದ್ದರು. ಹೇಳಿದ್ದು ತೆಲುಗಿನಲ್ಲಿ. ರಾಯದುರ್ಗದಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ ಒಂದು ಕೋಣೆಯಲ್ಲಿ. ಅವರು ನನ್ನ ಕೋಚಿಂಗ್ ಸರ್. ಕೆಟ್ಟವರಲ್ಲ. ಆದರೂ ನಾನು ಅವರ ಮಾತು ಕೇಳಲಿಲ್ಲ. ಇದನ್ನು ಪರೀಕ್ಷೆಗೆ ಮೊದಲೇ ಬರೆದಿದ್ದರೆ ಬರೀ ಜಂಬ ಆಗುತ್ತಿತ್ತು. ಈಗ ಬರೆಯಬಹುದು ಅನ್ನಿಸುತ್ತದೆ.

ನಾನು ರಾಯದುರ್ಗದ ಒಂದು ಜೂನಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಹುಟ್ಟಿದ ಊರು ಮಡಕಶಿರದಾಚೆ, ಅಗಳಿ ಹತ್ತಿರದ ಒಂದು ಹಳ್ಳಿ. ನಾನು ಹುಟ್ಟಿದಾಗ ಎರಡೂ ಅನಂತಪುರ ಜಿಲ್ಲೆ. ಈಗ ಮಡಕಶಿರವನ್ನು ಬೇರೆ ಜಿಲ್ಲೆಗೆ ಹಾಕಿದ್ದಾರೆ. ಅಲ್ಲಿ ರೇಷ್ಮೆಹುಳ ಸಾಕುವ ಅಮ್ಮ ಮಾತ್ರ ಇನ್ನೂ ಅನಂತಪುರ ಅಂತಲೇ ಹೇಳುತ್ತಾಳೆ. ಮನೆಯಲ್ಲಿ ಕನ್ನಡ, ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಹೈಸ್ಕೂಲು ತೆಲುಗು, ಇಂಟರ್, ಅಂದರೆ ಪಿಯುಸಿಯಿಂದ ಮೇಲೆ ಇಂಗ್ಲಿಷ್. ನಮ್ಮ ಕಡೆ ಇದರಲ್ಲಿ ವಿಶೇಷ ಏನೂ ಇಲ್ಲ. ಸಂತೆಗೆ ಹೋಗುವ ಹೆಂಗಸು ಒಂದೇ ಉಸಿರಿನಲ್ಲಿ ಎರಡು ಭಾಷೆ ಆಡುತ್ತಾಳೆ, ಯಾರೂ ತಿರುಗಿ ನೋಡುವುದಿಲ್ಲ.

ಮಳೆ ಕಡಿಮೆ ಇರುವ ನೆಲದಲ್ಲಿ ಕಡಲೆಕಾಯಿ ಗಿಡದ ಬೇರು ನೀರನ್ನು ಹೇಗೆ ಹುಡುಕುತ್ತದೆ ಎಂಬುದರ ಮೇಲೆ ಕೆಲಸ ಮಾಡಬೇಕೆಂಬುದು ನನ್ನ ಆಸೆ. ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದ ಪ್ರೊಫೆಸರ್ ಒಬ್ಬರು ನನ್ನ ಮೇಲ್‌ಗಳಿಗೆ ಉತ್ತರ ಬರೆದರು, ಆ ವರ್ಷದ ಪ್ರವೇಶ ಮುಗಿಯುವವರೆಗೆ ಒಂದು ಜಾಗ ನನಗಾಗಿ ಇಟ್ಟಿರುತ್ತೇನೆ ಎಂದರು. ಷರತ್ತು ಒಂದೇ: ಅವರ ಕಡೆಯವರು ಎಲ್ಲರಿಗೂ ಇಡುವ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ಇಷ್ಟು ಅಂಕ ಬರಲೇಬೇಕು. ಮೊದಲ ಸಲ ಬರೆದಾಗ ಲೆಕ್ಕದಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಬಂತು, ಪದಗಳಲ್ಲಿ ಗೆರೆಗಿಂತ ಕೆಳಗೆ ಬಿದ್ದೆ. ಇನ್ನೊಂದು ಸಲ ಬರೆಯಲು ಸಮಯ ಇತ್ತು. ಅದೂ ಕೆಳಗೆ ಬಿದ್ದರೆ ಆ ಜಾಗ ಬೇರೆಯವರಿಗೆ.

ಆ ಪರೀಕ್ಷೆಯ ಇಂಗ್ಲಿಷನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಸಸ್ಯಶಾಸ್ತ್ರದ ಪುಸ್ತಕದಲ್ಲೂ ಅದು ಇಲ್ಲ. ಒಂದು ವಾಕ್ಯ ಕೊಟ್ಟು ನಡುವಿನ ಒಂದು ಪದ ಕಿತ್ತಿರುತ್ತಾರೆ. ಕೆಳಗೆ ಆರು ಪದ. ಆ ಜಾಗಕ್ಕೆ ಹೊಂದಿ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು. ಒಂದು ಸರಿ, ಇನ್ನೊಂದು ತಪ್ಪು ಆದರೆ ಏನೂ ಸಿಗುವುದಿಲ್ಲ. ಅದಕ್ಕೇ ಕೋಚಿಂಗ್‌ಗೆ ಸೇರಿದೆ. ಸರ್ ಕಲ್ಲಚ್ಚಿನಂಥ ಅಕ್ಷರದಲ್ಲಿ ಜೆರಾಕ್ಸ್ ಹಾಳೆ ಕೊಡುತ್ತಿದ್ದರು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅದರ ತೆಲುಗು ಅರ್ಥ.

ಬಲಗಡೆಯೇ ನನಗೆ ಗುಂಡಿ. 'ಡಿಲೆಟರಿ' ಎಂಬ ಪದದ ಮುಂದೆ ಸರ್ 'ಆಲಸ್ಯಂ ಚೇಸೇ' ಎಂದು ಬರೆದಿದ್ದರು. ತೆಲುಗಿನಲ್ಲಿ ಆಲಸ್ಯ ಅಂದರೆ ತಡ. ಅದು ನನಗೆ ಗೊತ್ತಿಲ್ಲದ್ದೇನಲ್ಲ, ಬಸ್ಸು ತಡವಾದಾಗೆಲ್ಲ ಕೇಳಿದ ಮಾತು. ಆದರೆ ಕಣ್ಣು ಹಾಳೆಯ ಮೇಲೆ ಓಡುವಾಗ ನನ್ನೊಳಗೆ ಓದುವವಳು ಬೇರೆ. ಅವಳು ಆಲಸ್ಯ ಅಂದರೆ ಸೋಮಾರಿತನ ಎಂದು ಮಡಚಿ ಇಟ್ಟುಕೊಂಡಳು. 'ಇಂಡಿಗ್ನೆಂಟ್' ಮುಂದೆ 'ಆಗ್ರಹಂ' ಎಂದಿತ್ತು. ತೆಲುಗಿನಲ್ಲಿ ಅದು ಸಿಟ್ಟು. ನಾನು ನಮ್ಮ ಪತ್ರಿಕೆಗಳ ಆಗ್ರಹ ಮಾಡಿಕೊಂಡೆ: ರಸ್ತೆ ರಿಪೇರಿಗೆ ಆಗ್ರಹ, ಬಸ್ ಬಿಡಲು ಆಗ್ರಹ. ಅಣಕು ಪರೀಕ್ಷೆಯಲ್ಲಿ ಸಿಟ್ಟಾಗಬೇಕಾದ ಮನುಷ್ಯ ನನ್ನ ಉತ್ತರದಲ್ಲಿ ಏನನ್ನೋ ಬೇಡುತ್ತ ನಿಂತಿದ್ದ.

ಸರ್ ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅವರ ತೆಲುಗನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಇದೂ ಅವರಿಗೆ ಇಷ್ಟವಾಗಲಿಕ್ಕಿಲ್ಲ.

"ನಿನ್ನ ಸಮಸ್ಯೆ ಇಂಗ್ಲಿಷ್ ಅಲ್ಲಮ್ಮಾ. ನಿನ್ನ ಸಮಸ್ಯೆ ಕನ್ನಡ."

"ಏನು ಮಾಡ್ಬೇಕು ಸರ್?"

"ಪರೀಕ್ಷೆ ಮುಗಿಯೋವರೆಗೂ ಅದನ್ನು ಬಿಡು. ಮಾತಾಡಬೇಡ, ಓದಬೇಡ, ಕನಸಲ್ಲಿ ಬಂದರೂ ಹೊರಗೆ ಕಳಿಸು. ಒಂದು ತಲೆಗೆ ಎರಡು ತಕ್ಕಡಿ ಆಗಲ್ಲ. ಮರೆತರೆ ಇಂಗ್ಲಿಷ್ ಬರುತ್ತೆ."

ಈ ಮಾತನ್ನು ನಾನು ಅದೇ ದಿನ ಡೈರಿಯಲ್ಲಿ ಬರೆದಿಲ್ಲ, ಕೆಲವು ದಿನ ಬಿಟ್ಟು ಬರೆದಿದ್ದೇನೆ. ಆಗ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ನೆನೆದ ಮಾತು ಇನ್ನೊಬ್ಬರ ಬಾಯಲ್ಲಿ ಸ್ವಲ್ಪ ಹೆಚ್ಚೇ ಚೂಪಾಗಿರುತ್ತದೆ. ಕನಸಿನ ಮಾತು ಅವರು ಅಂದದ್ದೋ ನಾನು ಸೇರಿಸಿದ್ದೋ ಈಗ ಹೇಳಲಾರೆ. ತಕ್ಕಡಿ ಅವರದೇ.

ಮೊದಲು ನಾನು ಅವರು ಹೇಳಿದಂತೆ ಮಾಡಿಯೂ ನೋಡಿದೆ. ಗೆರೆ ದಾಟಲೇಬೇಕಿತ್ತಲ್ಲ. ಫೋನಿನ ಭಾಷೆ ಬದಲಿಸಿದೆ, ಕನ್ನಡ ಪತ್ರಿಕೆ ನಿಲ್ಲಿಸಿದೆ, ಕಾಲೇಜಿನಲ್ಲಿ ತೆಲುಗು, ಕೋಣೆಯಲ್ಲಿ ಇಂಗ್ಲಿಷ್. ಉಳಿದದ್ದು ಅಮ್ಮ. ಸಂಜೆ ಫೋನು ಬಂದಾಗ ತೆಲುಗಿನಲ್ಲೇ ಊಟ ಆಯಿತೇ ಎಂದು ಕೇಳಿದೆ. ಹಿಂದೂಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳಲು ಬಂದವರ ಹತ್ತಿರ ಆಡುವ ದನಿಯಲ್ಲಿ, ಅಚ್ಚ ತೆಲುಗಿನಲ್ಲಿ ಅಮ್ಮ ಅಂದಳು: "ಚೆಪ್ಪಂಡಿ ಮೇಡಂ. ಎಂತ ಕಾವಾಲಿ ಮೀಕು?"

ಹೇಳಿ ಮೇಡಂ, ನಿಮಗೆ ಎಷ್ಟು ಬೇಕು. ನಗು ಬಂತು, ತಡೆದುಕೊಂಡೆ. ಕಾರಣವನ್ನು ತೆಲುಗಿನಲ್ಲೇ ಹೇಳಲು ಹೊರಟೆ.

"ರೇಟು ಕುದುರಲ್ಲ ಮೇಡಂ, ನಾಳೆ ಬನ್ನಿ" ಎಂದು ಅದೇ ತೆಲುಗಿನಲ್ಲಿ ಹೇಳಿ ಫೋನು ಇಟ್ಟುಬಿಟ್ಟಳು.

ಮಾರನೆಯ ದಿನ ನಾನೇ ಮಾಡಿದೆ, ಕನ್ನಡದಲ್ಲಿ. "ಈಗ ಬಂದ್ಯಾ" ಅಂದಳು ಅಮ್ಮ. "ನೆನ್ನೆ ಯಾರೋ ವ್ಯಾಪಾರದೋರು ನಿನ್ ನಂಬರಿಂದ ಮಾಡಿದ್ರು ಕಣೆ. ಗೂಡು ಎಂಗಾರ ಓಗ್ಲಿ, ಮಗಳನ್ನೂ ಮಾರ್ಕೊಂಡ್ನೇನೋ ಅಂದ್ಕೊಂಡೆ."

ಸರ್ ಹಾಕಿದ ನಿಷೇಧ ಅಲ್ಲಿಗೆ ಮುಗಿಯಿತು. ಮರೆಯಲು ಆಗಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಪ್ರಯತ್ನ ಪಟ್ಟಿದ್ದರೆ ಇನ್ನಷ್ಟು ಆಗುತ್ತಿತ್ತೇನೋ. ನನಗೆ ಬೇಡವಾಗಿತ್ತು. ಅಡ್ಡ ಬರುವುದು ಕನ್ನಡವೇ ಆದರೆ ಅದನ್ನೇ ಮುಂದೆ ಬಿಡೋಣ, ದಾರಿ ತೋರಿಸಲಿ ಎಂದುಕೊಂಡೆ. ಹಾಳೆಯ ಬಲಗಡೆಯನ್ನು ಮಡಚಿ ಹಾಕಿದೆ. ಪದದ ಅರ್ಥವನ್ನು ಇಂಗ್ಲಿಷ್ ನಿಘಂಟಿನಲ್ಲಿ ಓದಿ, ತೆಲುಗಿಗೂ ಹೋಗದೆ, ಕನ್ನಡದ ಇನ್ನೊಂದು ಪದಕ್ಕೂ ಹೋಗದೆ, ನನಗೆ ಗೊತ್ತಿರುವ ಒಬ್ಬರಿಗೆ ಅದನ್ನು ಅಂಟಿಸಿದೆ. ಅವರು ಕನ್ನಡದಲ್ಲಿ ಆಡಿದ ಒಂದು ಮಾತಿನೊಂದಿಗೆ. ಕೇಳಿದ್ದಕ್ಕೆಲ್ಲ "ಹ್ಞಾಂ" ಎಂದಷ್ಟೇ ಹೇಳುವ ನಮ್ಮ ಕಾಲೇಜಿನ ಅಟೆಂಡರ್ 'ಲಕೋನಿಕ್'. ಯಾವ ಕೆಲಸ ಹೇಳಿದರೂ "ನೋಡೋಣ್ರಿ, ಸೋಮವಾರ ಆಗ್ಲಿ" ಎನ್ನುವ ಗುಮಾಸ್ತರು 'ಡಿಲೆಟರಿ'. ಅವರು ಸೋಮಾರಿಯಲ್ಲ, ಬೆವರು ಸುರಿಸಿ ಮುಂದೂಡುತ್ತಾರೆ. ಎರಡೂ ಬೇರೆ ಎಂದು ಅವರನ್ನು ನೋಡಿದರೆ ಸಾಕು. 'ಆಬ್‌ಡ್ಯುರೇಟ್', ಯಾವುದಕ್ಕೂ ಕರಗದ ಹಟದವರು, ಅಮ್ಮ. ಅದಕ್ಕೆ ನಿಘಂಟು ಬೇಕಾಗಲೇ ಇಲ್ಲ.

ನಾನು ಬಾಡಿಗೆಗಿದ್ದ ಮನೆಯ ಒಡತಿ ಜಗಲಿಯಲ್ಲಿ ಕೂತು ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದರು. ರಾಯದುರ್ಗದಲ್ಲಿ ಓಣಿಗೊಂದು ಮನೆಯಲ್ಲಿ ಈ ಕೆಲಸ. ಎರಡನೇ ದಿನವೇ ಕೇಳಿದರು.

"ಟೀಚರಮ್ಮಾರ, ಮುಂಜಾನಿಂದ ಏನ್ರಿ ಅದು ಮಂತ್ರ?"

"ಇಂಗ್ಲಿಷ್ ಪದ ಅಕ್ಕಾರ."

"ಯಾಕ, ನಿಮಗ ಇಂಗ್ಲಿಷ್ ಬರಂಗಿಲ್ಲೇನ್ರಿ? ಮತ್ತ ಕಾಲೇಜಿನಾಗ ಹುಡುಗರಿಗೆ ಏನು ಹೇಳ್ತೀರಿ?"

"ಬರ್ತದೆ. ಇದು ಬೇರೆ ಇಂಗ್ಲಿಷು."

"ಓಹೋ. ಇಂಗ್ಲಿಷ್‌ನಾಗೂ ಮಡಿ ಮೈಲಿಗಿ ಐತಿ ಅನ್ರಿ."

ಪದಗಳಿಗೆ ನಾನು ಮನುಷ್ಯರನ್ನು ಅಂಟಿಸುತ್ತೇನೆ ಎಂದು ತಿಳಿದ ಮೇಲೆ ಅವರು ಬಿಡಲಿಲ್ಲ.

"ನನಗ ಯಾವ ಮಾತು ಇಟ್ಟೀರಿ, ಅದ ಹೇಳ್ರಿ."

"ಗ್ಯಾರ್ಯುಲಸ್."

"ಹಂಗಂದ್ರ?"

"ಮಾತಿಗೆ ಬರ ಇಲ್ಲದವರು."

ಇದು ಸುಳ್ಳಲ್ಲ. ಅವರಿಗೆ ಬಹಳ ಸಂತೋಷವಾಯಿತು. ಸೊಪ್ಪು ಮಾರುವವಳು ಬಂದಾಗ ಕರೆದು ಕೂರಿಸಿ ಹೇಳಿದರು, "ನೋಡವ್ವ, ನಾನು ಗ್ಯಾರಲಸ್ ಅದೀನಂತ. ಟೀಚರಮ್ಮಾರು ಹೇಳ್ಯಾರ." ಆಕೆ ಕಟ್ಟು ಕೆಳಗಿಟ್ಟು ಇವರ ಮುಖ ನೋಡಿದಳು. "ಹಂಗ ಬಿಡಬ್ಯಾಡ್ರಿ ಅಕ್ಕಾರ. ನಮ್ಮತ್ತಿಗೂ ಹಂಗ ಹೊಟ್ಟಿ ಉಬ್ಬರಿಸೇ ಶುರು ಆಗಿದ್ದು. ಮೆಂತೆ ನೆನೆಸಿ ಕುಡೀರಿ." ಆ ಪದ ನನಗೆ ಸಾಯುವವರೆಗೂ ಮರೆಯುವುದಿಲ್ಲ.

ಆಮೇಲಿನ ಅಣಕು ಪರೀಕ್ಷೆಯಲ್ಲಿ 'ಎಕ್ಸಿಜೆಂಟ್' ಎಂಬ ಪದ ಬಂತು. ಹಾಳೆಯಲ್ಲಿ ಸರ್ ಅದಕ್ಕೆ 'ಅವಸರಮೈನ' ಎಂದು ಕೊಟ್ಟಿದ್ದರು. ತೆಲುಗಿನಲ್ಲಿ ಅವಸರ ಅಂದರೆ ಅಗತ್ಯ. ಕ್ಲಾಸಿನ ಹೆಚ್ಚಿನವರು ಆ ಪದದ ಜೊತೆಗೆ 'ಬೇಕೇಬೇಕಾದ' ಎಂಬರ್ಥದ ಇಂಗ್ಲಿಷ್ ಪದವನ್ನು ಆರಿಸಿದರು. ನನಗೆ ಅವಸರ ಅಂದರೆ ಅವಸರವೇ. ನಾನು 'ತುರ್ತಿನ' ಎಂಬರ್ಥದ್ದನ್ನು ಆರಿಸಿದೆ. ಉತ್ತರದ ಪಟ್ಟಿ ತೆಗೆದಾಗ ಸರಿ ನನ್ನದೇ ಆಗಿತ್ತು.

ಸರ್ ಮತ್ತೊಮ್ಮೆ ಪಟ್ಟಿ ನೋಡಿದರು. "ತಪ್ಪು ದಾರಿಯಲ್ಲಿ ಹೋಗಿ ಸರಿ ಊರಿಗೆ ಬಂದಿದ್ದೀಯ. ಇಂಥ ಅದೃಷ್ಟ ಎರಡನೇ ಸಲ ಬರಲ್ಲ."

"ತಪ್ಪು ದಾರಿ ಯಾಕೆ ಸರ್? ಆಸ್ಪತ್ರೆ ಬಾಗಿಲಿನ ಮೇಲೆ ತೆಲುಗಿನಲ್ಲೇ 'ಅತ್ಯವಸರ' ಅಂತ ಬರೆದಿರುತ್ತಲ್ಲ. ಬೇಕು ಅನ್ನೋದು ಅತಿ ಆದರೆ ನಿಮ್ಮಲ್ಲೂ ಅದು ಬೇಗ ಬೇಕು ಅಂತಲೇ ಆಗುತ್ತೆ. ನಮ್ಮೋರು ಮೊದಲೇ ಅಲ್ಲಿಗೆ ಹೋಗಿ ಕೂತಿದ್ದಾರೆ, ಅಷ್ಟೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಬರದೇ ಇದ್ದಿದ್ದರೆ ಸರ್ ಸುಮ್ಮನಾಗುತ್ತಿದ್ದರೇನೋ. ಬಲಗಡೆ ಮಡಚಿದ್ದ ನನ್ನ ಹಾಳೆಗಳನ್ನು ಎತ್ತಿ ನೋಡಿ, ಮೇಜಿನ ಮೇಲಿಟ್ಟು, ತಣ್ಣಗೆ ಹೇಳಿದರು: "ನಾ ಕ್ಲಾಸು ನೀಕು ಅವಸರಂ ಲೇದು."

ನನ್ನ ಕ್ಲಾಸು ನಿನಗೆ ಬೇಕಾಗಿಲ್ಲ. ಬರಬೇಡ ಎಂದು ಅವರು ಹೇಳಲಿಲ್ಲ. ಆದರೆ ಅದರ ಅರ್ಥ ಅದೇ. ಪರೀಕ್ಷೆ ಹತ್ತಿರ ಇತ್ತು. ಅಣಕು ಪರೀಕ್ಷೆಗಳು ಆ ಕೋಣೆಯಲ್ಲೇ ನಡೆಯುತ್ತಿದ್ದವು, ಗಡಿಯಾರ ಇಟ್ಟು ಬರೆಯುವ ಅಭ್ಯಾಸ ಬೇರೆಲ್ಲೂ ಸಿಗುತ್ತಿರಲಿಲ್ಲ. ಪುಸ್ತಕ ಎತ್ತಿಕೊಂಡು ಮೆಟ್ಟಿಲಿಳಿದೆ. ಇಳಿಯುವಾಗ ಆ ಎರಡು ಪದ ಮೊದಲು ಎಲ್ಲಿ ಕೇಳಿದ್ದೆ ಎಂದು ನೆನಪಾಯಿತು.

ಹತ್ತನೇ ಕ್ಲಾಸು ಮುಗಿದಿತ್ತು. ಮಡಕಶಿರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೀಡಿಯಂ ಸೈನ್ಸಿಗೆ ನನ್ನನ್ನು ಸೇರಿಸಲು ಅಮ್ಮ ಕರೆದುಕೊಂಡು ಹೋಗಿದ್ದಳು. ಅಲ್ಲಿದ್ದ ದೊಡ್ಡವರು ನನ್ನ ಕಾಗದಗಳನ್ನು ನೋಡಿ, ಏಳರವರೆಗೆ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ, ಇಂಗ್ಲಿಷ್ ಮೀಡಿಯಂ "ಅವಸರಂ ಲೇದಮ್ಮಾ" ಎಂದರು. ಬೇಕಾಗಿಲ್ಲ ತಾಯಿ. ಅಮ್ಮ ತಲೆಯಾಡಿಸಿ ನನ್ನ ಕಡೆ ತಿರುಗಿದಳು.

"ಅವಸರ ಇಲ್ವಂತೆ ಕಣೆ. ನಾಳೆ ಬಂದ್ರಾಯ್ತು, ನಡಿ."

ನಾಳೆ ಬಂದಳು. ಆಚೆ ನಾಳೆಯೂ ಬಂದಳು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಬಸ್ ಹತ್ತಿ ಬಂದು, ಅವರ ಕೋಣೆಯೆದುರಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಯಾಕಮ್ಮಾ ಮತ್ತೆ ಬಂದೆ ಎಂದು ಅವರು ರೇಗಿದಾಗ, "ತಾವೇ ಅವಸರ ಇಲ್ಲ ಅಂದ್ರಲ್ಲ ಸಾ. ನಿದಾನಕ್ಕೇ ಆಗ್ಲಿ ಅಂತ ಕೂತಿವ್ನಿ" ಎನ್ನುತ್ತಿದ್ದಳು. ಕೊನೆಗೆ ಅವರಿಗೇ ಅವಸರವಾಗಿ ಸಹಿ ಹಾಕಿದರು.

ಈ ಕತೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಅಮ್ಮ ಹೇಳುವಾಗ ಬೆಂಚು ಒಮ್ಮೆ ಕಲ್ಲಿನದು, ಒಮ್ಮೆ ಮರದ್ದು. ಸಹಿ ಹಾಕಿದ ದಿನ ನಾನು ಒಳಗಿದ್ದೆ ಎನ್ನುತ್ತಾಳೆ. ನನ್ನ ನೆನಪಿನಲ್ಲಿ ನಾನು ಗೇಟಿನ ಹತ್ತಿರ ನಿಂತಿದ್ದೇನೆ. ಎಲ್ಲಕ್ಕಿಂತ ದೊಡ್ಡ ಅನುಮಾನ ಬೇರೆ: ಹಿಂದೂಪುರದಲ್ಲಿ ತೆಲುಗಿನಲ್ಲೇ ಗೂಡು ಮಾರುವ ಹೆಂಗಸಿಗೆ 'ಅವಸರಂ ಲೇದು' ಅಂದರೆ ಏನೆಂದು ತಿಳಿಯಲಿಲ್ಲವೇ? ದೊಡ್ಡವರ ಮುಂದೆ ಗಾಬರಿಯಾಗಿ ಕಿವಿ ಕನ್ನಡವನ್ನೇ ಕೇಳಿಸಿಕೊಂಡಿತೇ? ಅಥವಾ ಎಲ್ಲ ಮುಗಿದ ಮೇಲೆ ಮನೆಯವರೆಲ್ಲ ಸೇರಿ ಕತೆಗೆ ಈ ರೂಪ ಕೊಟ್ಟೆವೇ? ಒಮ್ಮೆ ಕೇಳಿದ್ದಕ್ಕೆ, "ನಂಗೇನ್ ಗೊತ್ತು, ನಾನು ಓದ್ದೋಳಾ" ಎಂದು ಎದ್ದು ಹೋದಳು.

ತಿಳಿಯದೆಯೋ ತಿಳಿದೋ, ಆ ಬೆಂಚಿನಿಂದಲೇ ನಾನು ಇಲ್ಲಿಯವರೆಗೆ ಬಂದದ್ದು. ಮಾರನೆಯ ದಿನ ಕ್ಲಾಸು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಮಹಡಿ ಹತ್ತಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಸರ್ ಬೋರ್ಡಿನ ಕಡೆಯಿಂದ ತಿರುಗಿದರು. "ನಿನ್ನೆ ನಾನು ಏನು ಹೇಳಿದೆ?"

"ಅವಸರ ಇಲ್ಲ ಅಂದಿರಿ ಸರ್" ಎಂದು ಕನ್ನಡದಲ್ಲೇ ಹೇಳಿದೆ. "ಅದಕ್ಕೇ ನಿಧಾನಕ್ಕೆ ಬಂದೆ."

ಅವರು ಅನಂತಪುರದವರು, ಕನ್ನಡ ಅವರಿಗೆ ಅರ್ಥವಾಗುತ್ತದೆ. ತುಟಿಯ ಒಂದು ಕಡೆ ಸ್ವಲ್ಪ ಅಲುಗಿತು ಎಂದು ಡೈರಿಯಲ್ಲಿದೆ. ನಕ್ಕರು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಸೀಮೆಸುಣ್ಣ ಎತ್ತಿಕೊಂಡು ಪಾಠ ಮುಂದುವರಿಸಿದರು. ಅಲ್ಲಿಂದ ಮುಂದೆ ನನ್ನ ಹಾಳೆಯನ್ನು ತಿದ್ದಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ಅಣಕು ಪರೀಕ್ಷೆಯ ಪ್ರಶ್ನೆಗಳನ್ನು ಮಾತ್ರ ಎಲ್ಲರಿಗೂ ಕೊಟ್ಟಂತೆ ನನಗೂ ಕೊಟ್ಟರು. ನನಗೆ ಬೇಕಾಗಿದ್ದದ್ದು ಅಷ್ಟೇ. ತಪ್ಪುಗಳನ್ನು ನಾನೇ ತಿದ್ದಿಕೊಂಡೆ. ಕನ್ನಡದಿಂದಾದ ತಪ್ಪು ಯಾವುದು, ಓದದೆ ಆದ ತಪ್ಪು ಯಾವುದು ಎಂದು ಬೇರೆ ಮಾಡಿದಾಗ ಓದದೆ ಆದವೇ ಹೆಚ್ಚು. ಕನ್ನಡದ ತಲೆಗೆ ಸುಮ್ಮನೆ ಎಷ್ಟೊಂದನ್ನು ಕಟ್ಟಿದ್ದೆವು.

ಪರೀಕ್ಷೆ ಬೆಂಗಳೂರಿನಲ್ಲಿ. ಹಿಂದಿನ ದಿನವೇ ಊರಿಗೆ ಹೋಗಿದ್ದೆ. ಬೆಳಿಗ್ಗೆ ಮಡಕಶಿರದ ಬಸ್ ಸ್ಟ್ಯಾಂಡಿಗೆ ಅಮ್ಮನೂ ಬಂದಳು. ಕಿಟಕಿಯ ಹೊರಗೆ ನಿಂತು, "ಅವಸರ ಮಾಡ್ಕೋಬೇಡ. ಕೂತ್ಕೊಂಡು ನಿದಾನಕ್ಕೆ ಬರಿ" ಎಂದಳು. ಗಡಿಯಾರ ನಿಮಿಷ ಕಳೆಯುತ್ತಲೇ ಇರುವ ಪರೀಕ್ಷೆಗೆ ಹೋಗುವವಳಿಗೆ ಇದಕ್ಕಿಂತ ಕೆಟ್ಟ ಬುದ್ಧಿಮಾತು ಇರಲಿಕ್ಕಿಲ್ಲ. ಹ್ಞೂಂ ಎಂದೆ.

ಒಳಗೆ ಏನು ಕೇಳಿದರು ಎಂದು ಬರೆಯುವಂತಿಲ್ಲ. ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದಾರೆ. ಹಾಕದಿದ್ದರೂ ನಾನು ನನ್ನನ್ನು ನಂಬುತ್ತಿರಲಿಲ್ಲ. ನನಗೆ ಬೇಕಾದ ಪದಗಳೇ ಬಂದವೆಂದು ಈಗ ನೆನಪು ಹೇಳುತ್ತದೆ. ನೆನಪಿಗೆ ಹಾಗೆ ಹೇಳುವ ಚಾಳಿ ಇದೆ. ಇಷ್ಟು ಮಾತ್ರ ಖಂಡಿತ: ಪರದೆಯ ಮುಂದೆ ಕೂತಾಗ ನನ್ನ ತಲೆಯಲ್ಲಿ ಹಾಳೆ ಇರಲಿಲ್ಲ, ಜನ ಇದ್ದರು. ಗುಮಾಸ್ತರು ಸೋಮವಾರಕ್ಕೆ ಮುಂದೂಡುತ್ತಿದ್ದರು, ಮನೆಯೊಡತಿ ಮಾತಾಡುತ್ತಲೇ ಇದ್ದರು. ಮುಗಿದ ಮೇಲೆ ಅಂಕ ಪರದೆಯ ಮೇಲೆ ಬಂತು. ಇಂಗ್ಲಿಷ್ ಭಾಗದ ಅಂಕ ಗೆರೆಗಿಂತ ಮೇಲಿತ್ತು. ತುಂಬ ಮೇಲೇನಲ್ಲ. ಕಾಲು ತಗುಲದಂತೆ ಹೊಸ್ತಿಲು ದಾಟುವಷ್ಟು.

ಪ್ರೊಫೆಸರರಿಗೆ ಅಂಕ ಕಳಿಸಿದೆ. ಜಾಗ ಇನ್ನೂ ಇದೆ, ಅರ್ಜಿ ತುಂಬು ಎಂದು ಉತ್ತರ ಬಂತು.

ರಾಯದುರ್ಗಕ್ಕೆ ಮರಳಿದ ವಾರದಲ್ಲಿ ಸರ್ ಕರೆಸಿದರು. ಮೇಜಿನ ಮೇಲೆ ಒಂದು ದೊಡ್ಡ ಫ್ಲೆಕ್ಸಿನ ನಕಲು ಹರಡಿತ್ತು. ಮೂರು ಮುಖಗಳು, ನಾಲ್ಕನೆಯದಕ್ಕೆ ಖಾಲಿ ಚೌಕ. ಮೇಲೆ ತೆಲುಗಿನಲ್ಲಿ, ನಮ್ಮ ಪದ್ಧತಿಯಲ್ಲಿ ಕಲಿತು ಗೆದ್ದವರು ಎಂದಿತ್ತು.

"ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ಕೊಡಮ್ಮಾ. ಬಸ್ ಸ್ಟ್ಯಾಂಡ್ ಮುಂದೆ ಕಟ್ಟಿಸ್ತೀನಿ."

ಕೊಡಬಹುದಿತ್ತು. ಅವರ ಕೋಣೆಯಲ್ಲಿ ಕೂತು, ಅವರ ಗಡಿಯಾರದ ಕೆಳಗೆ ಬರೆದದ್ದು ನಿಜ. ಅದಕ್ಕೆ ನಮಸ್ಕಾರ ಹೇಳಿದೆ, ಮನಸ್ಸಿನಿಂದಲೇ ಹೇಳಿದೆ. ಆದರೆ ಆ ಸಾಲಿನ ಕೆಳಗೆ ನನ್ನ ಮುಖ ನಿಂತರೆ, ಮುಂದಿನ ವರ್ಷ ಅಗಳಿಯಿಂದಲೋ ರೊಳ್ಳದಿಂದಲೋ ಬರುವ ಹುಡುಗಿಗೆ, ಕನ್ನಡ ಮರೆತು ಇವಳು ಗೆದ್ದಳು ನೋಡು ಎಂದು ಅದನ್ನೇ ಬೆರಳು ಮಾಡಿ ತೋರಿಸುತ್ತಾರೆ.

ಅವರಿಗೆ ಚೆನ್ನಾಗಿ ತಿಳಿಯಲಿ ಎಂದು ತೆಲುಗಿನಲ್ಲೇ ಹೇಳಿದೆ. "ಅವಸರಂ ಲೇದು ಸರ್."

ಈ ಸಲ ಅವರು ನಿಜಕ್ಕೂ ನಕ್ಕರು. ಅದೇ ದಿನ ಬರೆದಿದ್ದೇನೆ, ಹಾಗಾಗಿ ಇದನ್ನು ನಂಬಬಹುದು. "ಆ ಸಾಲು ತೆಗೆದು ಹಾಕ್ಸಿದರೆ?" ಎಂದು ಕೇಳಿದರು. ತೆಗೆಸಿದ ಮೇಲೆ ನೋಡೋಣ ಎಂದು ಬಂದೆ. ಫ್ಲೆಕ್ಸ್ ಮೂರು ಮುಖಗಳೊಂದಿಗೇ ಬಸ್ ಸ್ಟ್ಯಾಂಡಿನ ಮುಂದೆ ನಿಂತಿತು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಫೋಟೋ ಕೇಳಿದರು, ಕೊಡಲಿಲ್ಲ ಎಂದೆ.

"ಅದ್ಯಾಕೆ? ಬಸ್ ಸ್ಟ್ಯಾಂಡಾಗೆ ಆಕ್ತೀನಿ ಅಂದ್ರೆ ಬ್ಯಾಡ ಅಂತಾರೇನೇ? ಏನಂತ ಹೇಳಿ ಬಂದೆ?"

"ಅವಸರ ಇಲ್ಲ ಅಂದೆ."

ಹುಳುಗಳು ಸೊಪ್ಪು ಮೇಯುವ ಸದ್ದು ಫೋನಿನಲ್ಲಿ ಸಣ್ಣ ಮಳೆಯಂತೆ ಕೇಳುತ್ತಿತ್ತು.

"ಯಾವ ಅವಸರ?" ಎಂದಳು. "ತೆಲುಗಿಂದಾ, ನಮ್ದಾ?"